ಅಪ್ಪನ ಹಳೆಯ ದುಂಡು ಪಿನ್ನಿನ ಕೀಬೋರ್ಡನ್ನು ಹೊಸ ಕಂಪ್ಯೂಟರಿಗೆ ಜೋಡಿಸಬಹುದೇ?

ಖಂಡಿತ ಜೋಡಿಸಬಹುದು. ದಯವಿಟ್ಟು ಅದನ್ನು ಗುಜರಿಗೆ ಹಾಕಬೇಡಿ.

ಐದು ಪಿನ್ನಿನ ದಪ್ಪ ಪ್ಲಗ್ಗಿಗೆ ಪಿಎಸ್/2 ಎಂಬ ಸಣ್ಣ ದುಂಡು ಪ್ಲಗ್ಗಿನ ಅಡಾಪ್ಟರು, ಅದಕ್ಕೆ ಪುಟ್ಟ ಯುಎಸ್‌ಬಿ ಅಡಾಪ್ಟರು ಸಿಕ್ಕಿಸಿದರೂ ನಮ್ ಲಾಕ್ ದೀಪ ಹತ್ತಲಿಲ್ಲ ಎಂದು ಬರೆದಿದ್ದೀರಿ. ಅಷ್ಟಕ್ಕೇ ಕೀಬೋರ್ಡು ಕೆಟ್ಟಿದೆ ಎನ್ನಲಾಗದು. ನನ್ನ ಅನುಮಾನ ಆ ಎರಡನೇ ಅಡಾಪ್ಟರಿನ ಮೇಲೆ.

ನಾನು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ನಮ್ಮ ಉಡುಪಿ ಕಡೆಯವರ ಹೋಟೆಲುಗಳ ಗಲ್ಲಾದಲ್ಲಿ ಇಂಥ ಕೀಬೋರ್ಡುಗಳನ್ನು ಬಹಳ ಕಂಡಿದ್ದೇನೆ. ಮೊದಲನೇ ಅಡಾಪ್ಟರಿನಲ್ಲಿ ಬರೀ ತಂತಿ ಇದ್ದರೂ ಸಾಕು. 1984ರ ಐಬಿಎಂ ಪಿಸಿ ಎಟಿ ಎಂಬ ಕಂಪ್ಯೂಟರಿನ ಕೀಬೋರ್ಡು ಆಡುತ್ತಿದ್ದ ಭಾಷೆಯನ್ನೇ 1987ರ ಪಿಎಸ್/2 ಕೂಡ ಉಳಿಸಿಕೊಂಡಿತು. ಪ್ಲಗ್ಗು ಮಾತ್ರ ಸಣ್ಣದಾಗಿ ಆರು ಪಿನ್ನಿನದಾಯಿತು, ಅದರಲ್ಲೂ ಕೆಲಸ ಮಾಡುವುದು ನಾಲ್ಕೇ: ಡೇಟಾ, ಕ್ಲಾಕ್ (ಡೇಟಾಕ್ಕೆ ತಾಳ ಹಾಕುವ ಸಿಗ್ನಲ್), ಐದು ವೋಲ್ಟ್, ಗ್ರೌಂಡ್.

ಯುಎಸ್‌ಬಿಯ ರೀತಿಯೇ ಬೇರೆ. ಹಳೆಯ ಕೀಬೋರ್ಡು ಕೀಲಿ ಒತ್ತಿದ ಕೂಡಲೇ ತಾನಾಗಿ ಸುದ್ದಿ ಕಳಿಸುತ್ತದೆ, ಅದಕ್ಕೆ ಬೇಕಾದ ಕ್ಲಾಕನ್ನೂ ತಾನೇ ಹೊಡೆಯುತ್ತದೆ. ಯುಎಸ್‌ಬಿಯಲ್ಲಿ ಕಂಪ್ಯೂಟರು ಮತ್ತೆ ಮತ್ತೆ ಕೇಳುತ್ತಿರಬೇಕು, ಕೇಳಿದಾಗಷ್ಟೇ ಉತ್ತರ. ಆ ಪುಟ್ಟ ಅಡಾಪ್ಟರಿನೊಳಗೆ ಬರೀ ತಂತಿ ಇದೆ, ಎರಡೂ ಭಾಷೆ ಬಲ್ಲ ಕೀಬೋರ್ಡು, ಮೌಸುಗಳ ಜೊತೆಗೆ ಅದನ್ನು ಕೊಡುತ್ತಿದ್ದರು. ನಿಮ್ಮ ಕೀಬೋರ್ಡಿಗೆ ಒಂದೇ ಭಾಷೆ ಗೊತ್ತು. ಅದಕ್ಕೆ ಒಳಗೆ ಚಿಪ್ ಇರುವ ಕನ್ವರ್ಟರು ಬೇಕು. ಸಾಮಾನ್ಯವಾಗಿ ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ನೇರಳೆ ಮತ್ತು ಹಸಿರು ಎರಡು ಸಾಕೆಟ್ ಇರುವ ವೈ ಆಕಾರದ ವೈರು. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಮುಂಬೈಯ ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ವಿಚಾರಿಸಿ. ‘ಅಡಾಪ್ಟರ್’ ಎಂದರೆ ಮತ್ತೆ ಅದೇ ಪುಟ್ಟದನ್ನು ಕೊಟ್ಟಾರು, ‘ಚಿಪ್ ಇರುವ ಕನ್ವರ್ಟರ್’ ಎಂದೇ ಹೇಳಿ.

ಅದಕ್ಕೂ ಮೊದಲು ಕೀಬೋರ್ಡನ್ನು ಮಗುಚಿ ನೋಡಿ. ಆ ಕಾಲದ ಎಷ್ಟೋ ಕೀಬೋರ್ಡುಗಳ ಅಡಿಯಲ್ಲಿ ಎಕ್ಸ್‌ಟಿ, ಎಟಿ ಎಂದು ಸಣ್ಣ ಸ್ವಿಚ್ ಇರುತ್ತಿತ್ತು. ಇದ್ದರೆ ಎಟಿ ಕಡೆಗೆ ತಳ್ಳಿ. ಎಕ್ಸ್‌ಟಿ ಎಂದರೆ 1981ರ ಮೊದಲ ಪಿಸಿಯ ಭಾಷೆ. ಅದರಲ್ಲೂ ಇದೇ ದಪ್ಪ ಪ್ಲಗ್ಗು, ಆದರೆ ಮಾತು ಒಮ್ಮುಖ, ಕಂಪ್ಯೂಟರು ಕೀಬೋರ್ಡಿಗೆ ‘ದೀಪ ಹಚ್ಚು’ ಎಂದು ಹೇಳುವಂತಿರಲಿಲ್ಲ. ನಿಮ್ಮದರಲ್ಲಿ ದೀಪಗಳಿವೆ, ಹಾಗಾಗಿ ಎಟಿ ಭಾಷೆ ಬಲ್ಲದ್ದೇ ಇರಬೇಕು.

ಜೊತೆಗಿದ್ದ ಮೌಸಿನ ಬಗ್ಗೆಯೂ ಕೇಳಿದ್ದೀರಿ. ಪ್ಲಗ್ಗಿನಲ್ಲಿ ಒಂಬತ್ತು ತೂತು, ಎರಡು ಬದಿಗೆ ಸ್ಕ್ರೂ ಎಂದರೆ ಅದು ಸೀರಿಯಲ್ ಮೌಸು. ಆ ಪೋರ್ಟಿನಲ್ಲಿ ಕರೆಂಟಿಗೆಂದು ಬೇರೆ ಪಿನ್ನೇ ಇಲ್ಲ, ಸಿಗ್ನಲ್ ತಂತಿಗಳಿಂದಲೇ ಬೇಕಾದಷ್ಟನ್ನು ಹೀರಿಕೊಂಡು ಬದುಕುತ್ತದೆ. ಅದಕ್ಕೆ ಈ ಕನ್ವರ್ಟರು ಆಗದು, ನೆನಪಿಗೆಂದು ಹಾಗೇ ಇಟ್ಟುಕೊಳ್ಳಿ.

ಮುಂದೆ ಎಂದಾದರೂ ಈ ಕೀಬೋರ್ಡನ್ನು ನೇರವಾಗಿ ಪಿಎಸ್/2 ಪೋರ್ಟಿಗೆ ಹಾಕುವುದಿದ್ದರೆ ಕಂಪ್ಯೂಟರನ್ನು ಬಂದ್ ಮಾಡಿಯೇ ಹಾಕಿ. ಒಮ್ಮೆ ಮಧ್ಯಾಹ್ನದ ಊಟದ ಗಿರಾಕಿಗಳ ನಡುವೆ, ಬಿಲ್ಲು ನಿಲ್ಲಬಾರದೆಂದು ಚಾಲೂ ಇದ್ದ ಮಷೀನಿಗೆ ಕೀಬೋರ್ಡು ಚುಚ್ಚಿದೆ. ಮದರ್‌ಬೋರ್ಡಿನಲ್ಲಿ ಪೋರ್ಟಿನ ಹಿಂದೆ ಇದ್ದ ಅಕ್ಕಿಕಾಳಿನಷ್ಟು ಫ್ಯೂಸು ಹೋಯಿತು. ಸಂಜೆಯವರೆಗೂ ಮಾಲೀಕರು ಕೈಯಲ್ಲೇ ಬಿಲ್ಲು ಬರೆದರು. ಅಂದಿನಿಂದ ಈ ಮಾತನ್ನು ಎಲ್ಲರಿಗೂ ಹೇಳುತ್ತೇನೆ.

ಅಡಾಪ್ಟರಿನ ಸಣ್ಣ ಪ್ಲಗ್ಗಿನೊಳಗೂ ಬೆಳಕು ಬಿಟ್ಟು ನೋಡಿ. ನಡುವಿನ ಪ್ಲಾಸ್ಟಿಕ್ ತುಂಡು ತೂತಿಗೆ ಎದುರಾಗದೆ ಒತ್ತಿದರೆ ಪಿನ್ನು ಬಾಗುತ್ತದೆ. ಇಕ್ಕಳ ಹಾಕಿದರೆ ಮುರಿದೀತು. ಸೀಸ ತೆಗೆದ ಪೆನ್ ಪೆನ್ಸಿಲಿನ ಲೋಹದ ಮೂತಿಯನ್ನು ಪಿನ್ನಿಗೆ ತೊಡಿಸಿ, ಮೆಲ್ಲಗೆ ನೆಟ್ಟಗೆ ಮಾಡಿ. ಆಮೇಲೆ ಕನ್ವರ್ಟರು ಹಾಕಿ ನಮ್ ಲಾಕ್ ಒತ್ತಿ ನೋಡಿ.