ಮೊದಲು ಆ ದಿಂಬು ತೆಗೆಯಿರಿ

ಪ್ರಶ್ನೆ: ನನಗೆ 23 ವರ್ಷ. ವಾಲಿಬಾಲ್ ಆಡುವಾಗ ಹಾರಿ ಇಳಿದ ಹೊತ್ತಿಗೆ ಮೊಣಗಂಟು ತಿರುಚಿ ಎಸಿಎಲ್ (ಗಂಟಿನ ಒಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅಂದರೆ ಗಟ್ಟಿ ಪಟ್ಟಿ) ಹರಿಯಿತು. ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಆಗಿ ಕೂರಿಸಿ ಮೂರು ವಾರ ಆಯಿತು. ಕಾಲು ಇನ್ನೂ ಪೂರ್ತಿ ನೆಟ್ಟಗಾಗುತ್ತಿಲ್ಲ. ನೋವಿಗೆ ಗಂಟಿನಡಿ ದಿಂಬು ಇಟ್ಟು ಮಲಗುತ್ತೇನೆ. ಅಜ್ಜಿ ಎಣ್ಣೆ ತಿಕ್ಕು ಅನ್ನುತ್ತಾರೆ. ನಮ್ಮ ಟೀಮಿನವನೊಬ್ಬ ಐದೇ ತಿಂಗಳಿಗೆ ಆಡಿದ. ಡಿಸೆಂಬರ್ ಟೂರ್ನಮೆಂಟಿಗೆ ನಾನೂ ಇಳಿಯಬಹುದಾ?
— ಕುಂದಾಪುರದ ಓದುಗ

ಉತ್ತರ: ದಿಂಬು ತೆಗೆಯಿರಿ, ಉಳಿದದ್ದು ಆಮೇಲೆ. ಗಂಟಿನಡಿ ದಿಂಬು ಇಟ್ಟರೆ ಹಾಯೆನಿಸುತ್ತದೆ ನಿಜ, ಆದರೆ ಗಂಟು ಸ್ವಲ್ಪ ಮಡಚಿಕೊಂಡೇ ಗಟ್ಟಿಯಾಗುತ್ತದೆ. ಅದೇ ದಿಂಬನ್ನು ಹಿಮ್ಮಡಿಯ ಕೆಳಗಿಡಿ, ಗಂಟು ತನ್ನ ಭಾರಕ್ಕೇ ಕೆಳಗಿಳಿಯಲಿ. ತೊಡೆ ಬಿಗಿಮಾಡಿ ಬಿಡುವ ವ್ಯಾಯಾಮ ದಿನಕ್ಕೆ ಹಲವು ಸಲ ಮಾಡಿ. ಎಲ್ಲರೂ ಎಷ್ಟು ಮಡಚುತ್ತದೆ ಅಂತ ನೋಡುತ್ತಾರೆ, ನಾನು ಮೊದಲು ಕೇಳುವುದು ಎಷ್ಟು ನೆಟ್ಟಗಾಗುತ್ತದೆ ಅಂತ. ನೆಟ್ಟಗಾಗದ ಕಾಲು ಕುಂಟುತ್ತದೆ, ತೊಡೆ ಸೊರಗುತ್ತದೆ. ಕೆಲವರಿಗೆ ಗಂಟಿನ ಒಳಗೆ ಗಾಯದ ಗಡ್ಡೆ ಬೆಳೆದು ಕಾಲು ಚಾಚುವುದನ್ನೇ ತಡೆಯುತ್ತದೆ, ಆಗ ಇನ್ನೊಮ್ಮೆ ಗಂಟಿನೊಳಗೆ ಕ್ಯಾಮೆರಾ ಇರುವ ಸಣ್ಣ ಕೊಳವೆ (ಆರ್ಥ್ರೋಸ್ಕೋಪ್) ಹಾಕಿ ತೆಗೆಯಬೇಕಾಗಬಹುದು. ಹಾಗಾಗಿ ಈ ವಾರವೇ ನಿಮ್ಮ ಸರ್ಜನ್‌ಗೆ ತೋರಿಸಿ. ಮೆನಿಸ್ಕಸ್‌ಗೂ (ಗಂಟಿನ ಮೂಳೆಗಳ ನಡುವಿನ ಮೆತ್ತೆ) ಹೊಲಿಗೆ ಹಾಕಿದ್ದಾರಾ ಅಂತ ಕೇಳಿಕೊಳ್ಳಿ, ಹಾಕಿದ್ದರೆ ಎಷ್ಟು ಮಡಚಬೇಕು, ಎಷ್ಟು ಭಾರ ಹಾಕಬೇಕು ಅನ್ನುವ ಲೆಕ್ಕವೇ ಬೇರೆ.

ಅಜ್ಜಿಯ ಎಣ್ಣೆ ಸದ್ಯ ಬೇಡ. ಗಾಯಕ್ಕಂತೂ ಬೇಡವೇ ಬೇಡ, ಮೀನಖಂಡಕ್ಕೂ ಬೇಡ. ಅಲ್ಲಿ ನೋವು, ಬಾವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕುತ್ತಾ ಕೂರದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಂಟೆಯೂ ಕಾಯಬೇಡಿ. ಜ್ವರ ಬಂದು ಗಂಟು ಬಿಸಿಯಾಗಿ ನೋವು ಏರುತ್ತಿದ್ದರೆ, ಗಾಯ ಸೋರಿದರೆ ಅದು ಕೀವಿನ ಸೂಚನೆ, ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಿ ಸುಮ್ಮನಿರಬೇಡಿ. ನಮ್ಮ ಮಳೆಗಾಲಕ್ಕೆ ಇನ್ನೊಂದು ಮಾತು: ಪಾಚಿ ಹಿಡಿದ ಅಂಗಳದಲ್ಲಿ ಊರುಗೋಲು ಜಾರುತ್ತದೆ. ಬಚ್ಚಲಿಗೆ ಹೋಗುವ ದಾರಿಗೆ ಸೋಗೆ ಹಾಸಿಸಿ.

ಡಿಸೆಂಬರ್? ಬೇಡ. ಕೂರಿಸಿದ ಲಿಗಮೆಂಟಿಗೆ ಮೊದಮೊದಲು ರಕ್ತ ಹರಿಯುವುದೇ ಇಲ್ಲ, ಹೊಸ ರಕ್ತನಾಳ ಬೆಳೆಯುವ ಎರಡು ಮೂರನೇ ತಿಂಗಳಲ್ಲಿ ಅದು ತುಂಬಾ ಬಲಹೀನ. ತಮಾಷೆ ಅಂದರೆ ನೋವು ಹೋಗಿ ಧೈರ್ಯ ಬರುವುದೂ ಆಗಲೇ. 2016ರಲ್ಲಿ ಪ್ರಕಟವಾದ ನಾರ್ವೆಯ ಒಂದು ಅಧ್ಯಯನದಲ್ಲಿ 9 ತಿಂಗಳವರೆಗೆ ಆಟ ಮುಂದೂಡಿದ ಪ್ರತಿ ತಿಂಗಳಿಗೂ ಗಂಟಿಗೆ ಮತ್ತೆ ಪೆಟ್ಟಾಗುವುದು ಸುಮಾರು ಅರ್ಧದಷ್ಟು ಇಳಿದಿತ್ತು. ತಿಂಗಳು ತುಂಬಿದರೂ ಸಾಲದು, ತೊಡೆಯ ಬಲ ಇನ್ನೊಂದು ಕಾಲಿನ ಶೇ. 90ರಷ್ಟಾದರೂ ಆಗಿರಬೇಕು. ನಿಮ್ಮ ಗೆಳೆಯ ಆಡಿದ, ಸರಿ. ಅದೃಷ್ಟ ಚೆನ್ನಾಗಿತ್ತು ಅನ್ನಿ.

ಪ್ರಶ್ನೆ: ಗಂಟಿಗೆ ಪೆಟ್ಟಾಗಿ ಎಸಿಎಲ್ ಹರಿದು ಹತ್ತು ದಿನ, ಇನ್ನೂ ಬಾವಿದೆ. ಬೇಗ ಆಪರೇಷನ್ ಮಾಡಿಸಿದರೆ ಒಳ್ಳೆಯದಲ್ವಾ?
— ಓದುಗರೊಬ್ಬರು, ಮಂಗಳೂರು

ಉತ್ತರ: ಅವಸರ ಬೇಡ. ಬಾವು ಇಳಿದು, ಕಾಲು ನೆಟ್ಟಗಾಗಿ, ಕುಂಟದೆ ನಡೆಯುವಂತಾದ ಮೇಲೆ ಮಾಡಿಸಿದರೆ ಗಂಟು ಬಿಗಿಯುವ ಭಯ ಕಡಿಮೆ. ಮೆನಿಸ್ಕಸ್ ಸಿಕ್ಕಿಕೊಂಡು ಗಂಟು ಲಾಕ್ ಆಗಿದ್ದರೆ ಮಾತ್ರ ಬೇಗ ಮಾಡಬೇಕಾಗುತ್ತದೆ. ಕಾಯುವ ದಿನಗಳಲ್ಲಿ ಫಿಸಿಯೊ ಹತ್ತಿರ ಹೋಗಿ, ಸಿಗರೇಟ್ ಇದ್ದರೆ ಬಿಡಿ, ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತನ್ನಿ.