ಮಿಕ್ಸಿಯೂ ಇಲ್ಲ, ಕುಟ್ಟಾಣಿಯೂ ಇಲ್ಲ

ಪ್ರಶ್ನೆ: ಅಕ್ಕಾ, ನಾನು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೇನೆ. ಮಿಕ್ಸಿ ಇಲ್ಲ, ಕುಟ್ಟಾಣಿಯೂ ಇಲ್ಲ. ಕಾಳುಮೆಣಸು, ಜೀರಿಗೆಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಲಟ್ಟಣಿಗೆಯಲ್ಲಿ ಬಡಿದೆ. ಕವರು ತೂತಾಗಿ ಮೆಣಸು ಅಡುಗೆಮನೆ ತುಂಬ ಹಾರಿತು. ಜೀರಿಗೆ ಹಾಗೇ ಇತ್ತು. ಬೇರೆ ದಾರಿ ಇದೆಯಾ?

ಉತ್ತರ: ಲಟ್ಟಣಿಗೆ ಸರಿಯಾಗಿಯೇ ಇದೆ, ಬಡಿದದ್ದು ತಪ್ಪಾಯಿತು. ಮೆಣಸಿನ ಕಾಳು ಗುಂಡಗಿರುತ್ತೆ, ಏಟು ಬಿದ್ದರೆ ಒಡೆಯುವ ಬದಲು ಜಾರಿ ಓಡುತ್ತೆ. ಅದನ್ನು ಒತ್ತಿ ಒಡೆಯಬೇಕು.

ತರಕಾರಿ ಹೆಚ್ಚುವ ಮಣೆಯ ಮೇಲೆ ಒಂದು ಬಟ್ಟೆ ಹಾಸಿ, ಒಂದೇ ಒಂದು ಚಮಚ ಮೆಣಸು ಹಾಕಿ, ಬಟ್ಟೆಯ ಅಂಚನ್ನು ಅದರ ಮೇಲೆ ಮಡಚಿ. ದಪ್ಪ ತಳದ ಪಾತ್ರೆಯನ್ನು ಸ್ವಲ್ಪ ಓರೆ ಹಿಡಿದು, ತಳದ ಅಂಚನ್ನು ಕಾಳುಗಳ ಮೇಲಿಟ್ಟು, ಎರಡೂ ಕೈಯಿಂದ ಮೈಭಾರ ಬಿಟ್ಟು ಮುಂದಕ್ಕೆ ತೂಗಿ. ಚಟಚಟ ಅಂತ ಸದ್ದು ಬರುತ್ತೆ. ಆ ಸದ್ದು ನಿಂತಿತು ಅಂದ್ರೆ ಎಲ್ಲ ಒಡೆದಿದೆ ಅಂತ ಅರ್ಥ. ಆಮೇಲೆ ಲಟ್ಟಣಿಗೆ ಉರುಳಿಸಿ, ಈಗ ಕಾಳು ಎಲ್ಲಿಗೂ ಓಡುವುದಿಲ್ಲ. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೊಮ್ಮೆ ಉರುಳಿಸಿದರೆ ಆಯಿತು.

ಜೀರಿಗೆಯ ಕಥೆ ಬೇರೆ. ಅದು ನಾರುನಾರು, ಹಸಿಯಾಗಿದ್ದರೆ ಚಪ್ಪಟೆ ಆಗುತ್ತೆ ಅಷ್ಟೆ. ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಹುರಿದು, ತಟ್ಟೆಗೆ ಹರಡಿ, ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಕೈ ಹಾಕಬೇಡಿ, ತಣ್ಣಗಾದ ಮೇಲೆ ಗರಿಗರಿ ಆಗುತ್ತೆ. ಅದಕ್ಕೆ ಒಂದು ಚಿಟಿಕೆ ಕಲ್ಲುಪ್ಪು ಸೇರಿಸಿ, ಚಪ್ಪಟೆ ತಳದ ಸ್ಟೀಲ್ ಬಟ್ಟಲಿಗೆ ಹಾಕಿ ಸ್ಟೀಲ್ ಲೋಟದ ತಳದಿಂದ ಒತ್ತಿ ತಿರುಗಿಸಿ. ಉಪ್ಪಿನ ಹರಳೇ ಅರೆಯುವ ಕಲ್ಲಾಗುತ್ತೆ. ಅಡುಗೆಗೆ ಉಪ್ಪು ಹಾಕುವಾಗ ಇದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ, ಅಲ್ವಾ? ಏಲಕ್ಕಿಗೂ ಇದೇ ಉಪಾಯ, ಸಿಪ್ಪೆ ಬಿಡಿಸಿ, ಉಪ್ಪಿನ ಬದಲು ಸಕ್ಕರೆ.

ಗಾಜಿನ ಲೋಟ ಮಾತ್ರ ಬೇಡ. ನಾನು ಒಮ್ಮೆ ಅವಸರದಲ್ಲಿ ಗಾಜಿನ ಬಾಟಲಿಯ ತಳದಿಂದ ಲವಂಗ ಒತ್ತಲು ಹೋಗಿ, ಅಂಚು ಚಕ್ಕೆ ಎದ್ದು, ಚೂರು ಯಾವುದು ಲವಂಗ ಯಾವುದು ಅಂತ ಗೊತ್ತಾಗದೆ ಅಷ್ಟನ್ನೂ ಕಸಕ್ಕೆ ಸುರಿದೆ.

ಜಾಯಿಕಾಯಿಯನ್ನು ತುರಿಯುವ ಮಣೆಯ ಸಣ್ಣ ಕಣ್ಣಿನ ಕಡೆ ಉಜ್ಜಿ. ಮೆಂತ್ಯ ಒಣಗಿದ್ದಾಗ ಕಲ್ಲಿನ ಹಾಗೆ, ರಾತ್ರಿ ನೆನೆಸಿ ಚಮಚದ ಹಿಂಬದಿಯಿಂದ ನುರಿಯುವುದೇ ಸುಲಭ. ಚಕ್ಕೆಯನ್ನು ಕೈಯಲ್ಲಿ ನುಣ್ಣಗೆ ಮಾಡುತ್ತೇನೆ ಅಂತ ಹೊರಟರೆ ಸಂಜೆ ಆಗುತ್ತೆ, ಸುಮ್ನೆ ಇಡೀ ತುಂಡು ಹಾಕಿ ಕೊನೆಗೆ ತೆಗೆದುಬಿಡಿ. ಅರಿಶಿನದ ಒಣ ಕೊಂಬಿನ ತಂಟೆಗೇ ಹೋಗಬೇಡಿ.

ಪ್ರಶ್ನೆ: ಒಣಮೆಣಸಿನಕಾಯಿಯನ್ನು ಕೈಯಲ್ಲೇ ಪುಡಿ ಮಾಡಿದೆ. ಎಷ್ಟು ತೊಳೆದರೂ ಉರಿ ಹೋಗುತ್ತಿಲ್ಲ. ಇನ್ನೊಂದು, ಪುಡಿಯನ್ನು ತಿಂಗಳಿಗಾಗುವಷ್ಟು ಒಟ್ಟಿಗೆ ಮಾಡಿಡಬಹುದಾ?

ಉತ್ತರ: ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತೆ. ಅಂಗೈಗೆ ಅಡುಗೆ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಅಲ್ಲಿಯವರೆಗೆ ಕಣ್ಣು ಮುಟ್ಟಬೇಡಿ. ಮುಂದಿನ ಸಲ ಕೈಗೆ ಒಂದು ಕವರು ಹಾಕಿಕೊಳ್ಳಿ.

ತಿಂಗಳಿಗೆ ಮಾಡಿಡುವುದು ನನಗಂತೂ ಇಷ್ಟವಿಲ್ಲ. ಘಮ ಇರುವುದು ಕಾಳಿನ ಒಳಗಿನ ಎಣ್ಣೆಯಲ್ಲಿ. ಒಡೆದ ಮೇಲೆ ಗಾಳಿ ತಾಗಿ ಅದು ಬೇಗ ಹಾರಿಹೋಗುತ್ತೆ. ಕೈಯಲ್ಲಿ ಮಾಡುವಾಗ ಹೇಗಿದ್ದರೂ ಒಂದೆರಡು ಚಮಚಕ್ಕಿಂತ ಜಾಸ್ತಿ ಆಗುವುದಿಲ್ಲ. ಒಂದು ವಾರಕ್ಕೆ ಅಷ್ಟು ಸಾಕು. ಒಲೆಯಿಂದ ದೂರ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಲವಂಗದ ಪುಡಿಗೆ ಪ್ಲಾಸ್ಟಿಕ್ ಡಬ್ಬಿ ಬೇಡ, ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ.