ಪಾರಂಪರಿಕ ರೈಲಿನಲ್ಲಿ ದೂರುಗಳು ಹೆಚ್ಚುತ್ತಿವೆ, ಸ್ವಯಂಸೇವಕರು ಕಡಿಮೆಯಾಗುತ್ತಿದ್ದಾರೆ. ಮೊದಲು ಯಾವುದನ್ನು ಸರಿಪಡಿಸಬೇಕು?

ಮೊದಲು ಯಾವುದು, ಆಮೇಲೆ ಯಾವುದು ಎಂದು ಕೇಳಿದ್ದೀರಿ. ನಾನೂ ಹಿಂದೆ ಇವನ್ನು ಎರಡು ಕಡತಗಳಾಗಿಯೇ ಇಟ್ಟುಕೊಂಡಿದ್ದೆ. ಒಂದರಲ್ಲಿ ಪ್ರಯಾಣಿಕರ ಪತ್ರಗಳು, ಇನ್ನೊಂದರಲ್ಲಿ ಸ್ವಯಂಸೇವಕರ ಹೆಸರುಗಳು. ಎರಡೂ ಒಂದೇ ಕಡತ ಎಂದು ನನಗೆ ತಿಳಿಯುವ ಹೊತ್ತಿಗೆ ಒಬ್ಬ ಗಾರ್ಡನ್ನು ಕಳೆದುಕೊಂಡಿದ್ದೆ.

ನಮ್ಮದು ನ್ಯಾರೋಗೇಜಿನ ಸಣ್ಣ ಉಗಿ ರೈಲು. ಒಂದು ಭಾನುವಾರ ಮಧ್ಯಾಹ್ನದ ಗಾಡಿ ಏರಿನಲ್ಲಿ ನಿಂತುಬಿಟ್ಟಿತು. ಬಾಯ್ಲರಿನ ಒತ್ತಡ ಇಳಿದಿತ್ತು. ಬೆಂಕಿಯನ್ನು ಸರಿಪಡಿಸಿ ಮತ್ತೆ ಉಗಿ ಏರಿಸಲು ನಲವತ್ತು ನಿಮಿಷ ಹಿಡಿಯಿತು. ವಾರದ ಬಳಿಕ ಒಂದು ಪತ್ರ ಬಂತು: ‘ಗಾಡಿ ಯಾಕೆ ನಿಂತಿದೆ ಎಂದು ಹೇಳಲು ಒಬ್ಬರೂ ಬರಲಿಲ್ಲ. ಗಾರ್ಡ್ ಎಲ್ಲಿಗೆ ಹೋಗಿದ್ದರು?’

ಆ ತಿಂಗಳ ಉಳಿದ ದೂರುಗಳ ಜೊತೆ ಇದನ್ನೂ ಟೈಪ್ ಮಾಡಿ, ಸ್ವಯಂಸೇವಕರು ಚಹಾ ಕುಡಿಯುವ ಕೋಣೆಯ ಫಲಕಕ್ಕೆ ಅಂಟಿಸಿದೆ. ಯಾರ ಹೆಸರನ್ನೂ ಹಾಕಿರಲಿಲ್ಲ. ಆದರೆ ದಿನಾಂಕ ಇತ್ತು, ಗಾಡಿಯ ಸಮಯ ಇತ್ತು, ಆ ಗಾಡಿಗೆ ಇದ್ದವರು ಒಬ್ಬರೇ ಗಾರ್ಡ್. ಮುಂದಿನ ಭಾನುವಾರ ಅವರು ಬಂದು ಅದನ್ನು ಓದಿದರು. ಅಂದಿನ ಡ್ಯೂಟಿಯನ್ನು ಪೂರ್ತಿ ಮಾಡಿದರು, ಬಾವುಟಗಳನ್ನು ಮಡಚಿಟ್ಟರು, ಕೀಲಿಗಳನ್ನು ಮೊಳೆಗೆ ತೂಗುಹಾಕಿ ಹೋದರು. ಮತ್ತೆ ಬರಲಿಲ್ಲ. ಅವರ ಕೈಕೆಳಗೆ ಕಲಿಯುತ್ತಿದ್ದ ಇಬ್ಬರು ಹುಡುಗರೂ ಬರುವುದನ್ನು ನಿಲ್ಲಿಸಿದರು. ಗಾರ್ಡ್ ಇಲ್ಲದೆ ಗಾಡಿ ಓಡಿಸುವಂತಿಲ್ಲ, ಗಾರ್ಡ್ ಒಂದು ವಾರದಲ್ಲಿ ತಯಾರಾಗುವುದಿಲ್ಲ. ಹಳಿಯ ಪ್ರತಿ ಏರಿಳಿತ ತಿಳಿದಿರಬೇಕು, ನಿಯಮಗಳ ಪರೀಕ್ಷೆ ಆಗಬೇಕು. ಆ ವರ್ಷ ಉಳಿದ ಋತುವಿನುದ್ದಕ್ಕೂ ಮಧ್ಯಾಹ್ನದ ಗಾಡಿಯನ್ನು ರದ್ದು ಮಾಡಿದೆವು.

ಫಲಕಕ್ಕೆ ಅಂಟಿಸಿದ್ದೇ ತಪ್ಪು ಎಂದು ಬಹಳ ದಿನ ಅಂದುಕೊಂಡಿದ್ದೆ. ಅಲ್ಲ. ಅಂಟಿಸುವ ಮೊದಲು ಅವರನ್ನು ಕೇಳದೇ ಇದ್ದದ್ದು ತಪ್ಪು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಗಾಡಿ ನಡುದಾರಿಯಲ್ಲಿ ನಿಂತರೆ ಗಾರ್ಡ್ ಕೆಂಪು ಬಾವುಟ ಹಿಡಿದು ಹಿಂದಕ್ಕೆ ನಡೆದುಹೋಗಬೇಕು, ಹಿಂದಿನಿಂದ ಬರುವ ಗಾಡಿಗೆ ಎಚ್ಚರಿಕೆ ಕೊಡಲು, ಚಕ್ರ ಹತ್ತಿದರೆ ಸದ್ದು ಮಾಡಿ ಸಿಡಿಯುವ ಡಿಟೊನೇಟರುಗಳನ್ನು ಹಳಿಯ ಮೇಲೆ ಇಡಬೇಕು, ಅಲ್ಲೇ ಕಾಯಬೇಕು. ಅವರು ಇದ್ದದ್ದು ಅಲ್ಲಿ. ಬೋಗಿಗಳಲ್ಲಿ ಮಾತನಾಡಬೇಕಾಗಿದ್ದವರು ಟಿಕೆಟ್ ನೋಡುವವರು. ಜನ ಕಡಿಮೆ ಇದ್ದರೆಂದು ಅಂದು ಅವರನ್ನು ಅಂಗಡಿಯಲ್ಲಿ ಕೂರಿಸಿದ್ದು ಯಾರು? ಡ್ಯೂಟಿ ಪಟ್ಟಿ ಬರೆಯುತ್ತಿದ್ದ ನಾನು. ಅಂದರೆ ಆ ದೂರು ಗಾರ್ಡ್ ಮೇಲೆ ಬಂದದ್ದೇ ಅಲ್ಲ, ನನ್ನ ಪಟ್ಟಿಯ ಮೇಲೆ ಬಂದದ್ದು. ನಾನೇ ಓದಿದೆ, ನಾನೇ ಟೈಪ್ ಮಾಡಿದೆ, ಆದರೂ ನನಗೆ ಕಾಣಲಿಲ್ಲ. ಅವರ ಮನೆಗೆ ಹೋಗಿ ಕ್ಷಮೆ ಕೇಳಿದಾಗ ಅವರು ಹೇಳಿದ್ದು ಇಷ್ಟೇ: ‘ಬರೆದವರದ್ದು ತಪ್ಪಿಲ್ಲ. ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಬೇಕಿತ್ತು.’

ಹೀಗಾಗಿ ಸ್ವಯಂಸೇವಕರು ಸಿಗದಿರುವುದೇ ನಿಮ್ಮ ತೊಂದರೆ ಎಂದು ನನಗೆ ಅನಿಸುವುದಿಲ್ಲ, ಇದ್ದವರು ಬಿಟ್ಟುಹೋಗುತ್ತಿರಬಹುದು. ಕಳೆದ ಎರಡು ವರ್ಷಗಳಲ್ಲಿ ಬಿಟ್ಟುಹೋದವರ ಪಟ್ಟಿ ಮಾಡಿ, ಒಬ್ಬೊಬ್ಬರನ್ನೂ ನೀವೇ ಹೋಗಿ ಮಾತನಾಡಿಸಿ. ಅಲ್ಲಿಯವರೆಗೆ ಜಾಹೀರಾತಿಗೆ ಹಣ ಹಾಕಬೇಡಿ. ಪ್ರಯಾಣಿಕರು ಐದರಲ್ಲಿ ಇಷ್ಟು ನಕ್ಷತ್ರ ಎಂದು ಗುರುತು ಹಾಕುವ ಅಭಿಪ್ರಾಯ ಪತ್ರವನ್ನೂ ಬಿಡಿ. ಮೂರು ನಕ್ಷತ್ರ ಕೊಟ್ಟವರಿಗೆ ಬೇಸರವಾದದ್ದು ಶೌಚಾಲಯದಿಂದಲೋ, ಕಣ್ಣಿಗೆ ಬಿದ್ದ ಕೆಂಡದ ಕಿಡಿಯಿಂದಲೋ ಎಂದು ಅದು ಹೇಳುವುದಿಲ್ಲ. ಗಾಡಿ ಇಳಿಯುವಾಗ ‘ಇವತ್ತು ಏನು ಅರ್ಥವಾಗಲಿಲ್ಲ?’ ಎಂದು ಕೇಳಿ ನೋಡಿ. ‘ನಾವು ಸಂಬಳವಿಲ್ಲದೆ ದುಡಿಯುವವರು’ ಎಂಬ ಉತ್ತರವನ್ನು ಮಾತ್ರ ಯಾರಿಗೂ ಬರೆಯಬೇಡಿ, ಅವರು ಹಣ ಕೊಟ್ಟು ಟಿಕೆಟ್ ಕೊಂಡಿದ್ದಾರೆ.

ಆ ಪತ್ರಕ್ಕೆ ನಾನು ನಿಜವಾದ ಉತ್ತರ ಬರೆದದ್ದು ನಾಲ್ಕು ತಿಂಗಳು ತಡವಾಗಿ. ಬಾವುಟ, ಡಿಟೊನೇಟರು, ನನ್ನ ಪಟ್ಟಿ ಎಲ್ಲವನ್ನೂ ವಿವರಿಸಿದೆ. ‘ಇದನ್ನು ಅಂದೇ ಹೇಳಿದ್ದರೆ ನಮ್ಮ ಮಕ್ಕಳು ನಲವತ್ತು ನಿಮಿಷವೂ ಕಿಟಕಿಯಿಂದ ಆ ಬಾವುಟವನ್ನೇ ನೋಡುತ್ತಿದ್ದರು’ ಎಂದು ಮರುಪತ್ರ ಬಂತು. ಹೊಸಬರನ್ನು ಹೇಗೆ ಕರೆಯಬೇಕು ಎಂಬುದು ನನಗೆ ಅಲ್ಲಿ ತಿಳಿಯಿತು. ‘ಪರಂಪರೆ ಉಳಿಸಿ’ ಎಂಬ ಫಲಕಕ್ಕೆ ಯಾರೂ ಬರುವುದಿಲ್ಲ, ಕೆಲಸವನ್ನು ತೋರಿಸಿದರೆ ಬರುತ್ತಾರೆ. ವೇಲ್ಸ್‌ನ ಟಾಲಿಲಿನ್ ರೈಲನ್ನು 1951ರಲ್ಲಿ ಸ್ವಯಂಸೇವಕರು ನಡೆಸಲು ತೊಡಗಿದಾಗ, ಜಗತ್ತಿನಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿ ಓಡುವ ಸ್ಥಿತಿಯಲ್ಲಿದ್ದದ್ದು 1866ರ ಒಂದೇ ಎಂಜಿನ್. ಕೆಲಸ ಬೆಟ್ಟದಷ್ಟಿತ್ತು, ಅದು ಕಣ್ಣಿಗೆ ಕಾಣುತ್ತಿತ್ತು.

ಈಗ ನಮ್ಮ ನಿಲ್ದಾಣದಲ್ಲಿ ಒಂದು ಹಲಗೆ ಇದೆ. ‘ಮುಂದಿನ ಶನಿವಾರ ಬೆಳಗ್ಗೆ 5 ಗಂಟೆಗೆ ಬೂದಿ ತೆಗೆದು ಬೆಂಕಿ ಹಚ್ಚಲು ಇಬ್ಬರು ಬೇಕು. ತಣ್ಣಗಿನ ಬಾಯ್ಲರನ್ನು ಅವಸರದಿಂದ ಕಾಯಿಸುವಂತಿಲ್ಲ, ಗಂಟೆಗಟ್ಟಲೆ ಹಿಡಿಯುತ್ತದೆ. ಮೈ ಕೈ ಮಸಿಯಾಗುತ್ತದೆ.’ ಬಂದವರಲ್ಲಿ ಬಹುತೇಕರಿಗೆ ಎಂಜಿನ್ ಓಡಿಸುವ ಆಸೆ. ಎಂಜಿನ್ ಒರೆಸುವುದರಿಂದ ಆರಂಭಿಸಿ, ಬೆಂಕಿ ನೋಡಿಕೊಳ್ಳುವ ಫೈರ್‌ಮನ್ ಆಗಿ, ಆಮೇಲೆ ಚಾಲಕರಾಗಲು ವರ್ಷಗಳೇ ಬೇಕು ಎಂದು ಮೊದಲ ದಿನವೇ ಹೇಳಿಬಿಡುತ್ತೇನೆ. ಕೆಲವರು ಅಲ್ಲಿಂದಲೇ ಹಿಂದಿರುಗುತ್ತಾರೆ, ಹೋಗಲಿ. ಉಳಿದವರ ಜೊತೆ ಭಾನುವಾರ ಸಂಜೆ ಆ ವಾರದ ಪತ್ರಗಳನ್ನು ಒಟ್ಟಿಗೆ ಕುಳಿತು ಓದುತ್ತೇವೆ, ಅಂದು ಡ್ಯೂಟಿಯಲ್ಲಿದ್ದವರು ಮೊದಲು ಮಾತನಾಡುತ್ತಾರೆ. ಡ್ಯೂಟಿ ಪಟ್ಟಿ ನನ್ನ ಮುಂದೆಯೇ ಇರುತ್ತದೆ.